ನಾಲ್ಕು ವರ್ಷ, 71,000 ಕಿ.ಮೀ., ಮತ್ತೆ ಎಡಗಡೆಯ ಮುಂದಿನ ಗಾಲಿ

ಕಾರಿನ ಹೆಸರು ಹೇಳೋದಿಲ್ಲ. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಳಿ ಬಣ್ಣ. ಬಳ್ಳಾರಿಯಲ್ಲಿ ಬಿಳಿ ಕಾರು ತಗೊಂಡವನ ಬುದ್ಧಿ ಎಂಥದ್ದು ಅಂತ ನೀವೇ ಊಹಿಸಿ. ಡಿಕ್ಕಿ ಎಷ್ಟು, ಏರ್‌ಬ್ಯಾಗ್ ಎಷ್ಟು ಅನ್ನೋದೆಲ್ಲ ಶೋರೂಮಿನ ಕಾಗದದಲ್ಲಿ ನೋಡಿರ್ತೀರಿ. ನಾನು ಕೂತಿರೋದು ಮೈಲೇಜ್ ಬಗ್ಗೆ ಬೈಯೋಕೆ.

ದಿನಾ ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಬರೋದು, ಹೆಚ್ಚುಕಡಿಮೆ 60 ಕಿಲೋಮೀಟರ್. ಕೆಲಸ ಫರ್ನೇಸ್ ಮೇಂಟೆನೆನ್ಸ್. ಪೆಟ್ರೋಲ್ ಲೆಕ್ಕ ಬರೆದಿಡೋ ಚಟ ಅಪ್ಪನಿಂದ ಬಂದದ್ದು. ಅವರು ಲೂನಾಕ್ಕೂ ಲೆಕ್ಕ ಇಟ್ಟವರು. ಅದೇ ಬಂಕು, ಅದೇ ಪಂಪು, ಬೆಳಿಗ್ಗೆ ಆರೂವರೆ. ನಳಿಕೆ ಟಕ್ ಅಂತ ತಾನೇ ನಿಂತ ಮೇಲೆ ಒಂದು ಹನಿಯೂ ಹೆಚ್ಚಿಗೆ ಬೇಡ. ಬಂಕಿನ ಹುಡುಗ ಮೊದಮೊದಲು "ರೌಂಡ್ ಫಿಗರ್ ಮಾಡ್ಲಾ ಸರ್?" ಅಂತಿದ್ದ, ಈಗ ಕೇಳೋದನ್ನೇ ಬಿಟ್ಟಿದ್ದಾನೆ. ಗ್ಲೋವ್ ಬಾಕ್ಸಿನ ನೋಟ್‌ಬುಕ್ಕಿನಲ್ಲಿ ಕಿಲೋಮೀಟರ್ ಎಷ್ಟು, ಲೀಟರ್ ಎಷ್ಟು ಅಂತ ಬರೆದು, ಭಾಗಿಸಿ, ಅಡಿಗೆರೆ ಎಳೆದ ಮೇಲೇ ಗಾಡಿ ಸ್ಟಾರ್ಟ್. ಹೆಂಡತಿ ಪಕ್ಕದಲ್ಲಿ ಕೂತಿದ್ದರೆ ಅಷ್ಟೊತ್ತೂ ಕಿಟಕಿಯ ಆಚೆ ನೋಡ್ತಾಳೆ.

ಕಂಪನಿ ಹೇಳಿದ್ದು 20ರ ಮೇಲೆ. ಅದು ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ ತೆಗೆದ ಲೆಕ್ಕ ಅಂತ ಗೊತ್ತಿತ್ತು, ಹಾಗಾಗಿ ಆಸೆ ಇಟ್ಟಿರಲಿಲ್ಲ. ಎರಡು ವರ್ಷ 17.5ರ ಆಸುಪಾಸು ಸಿಕ್ಕಿತು, ತಕರಾರಿರಲಿಲ್ಲ. ಮೂರನೇ ವರ್ಷ ಇಳಿಯೋಕೆ ಶುರು. 16.8, 16.1, ಕೊನೆಗೆ 15.4. ಸರ್ವಿಸ್ ಸೆಂಟರಿಗೆ ಎರಡು ಸಲ ಹೋದೆ. ಒಂದು ಸಲ ಏರ್ ಫಿಲ್ಟರ್ ಬದಲಾಯಿಸಿದ್ರು. ಇನ್ನೊಂದು ಸಲ ಇಂಜಿನ್ ಒಳಗೆ ಕ್ಲೀನ್ ಮಾಡಿದ್ವಿ ಅಂತ ಬಿಲ್ಲಿಗೆ ಸಾವಿರದೈನೂರು ಸೇರಿಸಿದ್ರು. ಆಮೇಲೆ ಬಂತು ಆ ಮಾತು: "ಅದು ನಿಮ್ಮ ಡ್ರೈವಿಂಗ್ ಸ್ಟೈಲ್ ಸರ್." ನೋಟ್‌ಬುಕ್ ತೋರಿಸಿದೆ. ಆ ಹುಡುಗ ಅದನ್ನು ಮಗುವಿನ ಚಿತ್ರ ನೋಡಿದ ಹಾಗೆ ನೋಡಿ ವಾಪಸ್ ಕೊಟ್ಟ. ಎಥನಾಲ್ ಬೆರೆಸಿದ ಪೆಟ್ರೋಲ್ ಅಂತ ಇನ್ನೊಬ್ಬ ಅಂದ. ನಿಜ, ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಾಖ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಆದರೆ ಶೇಕಡಾ 20 ಬೆರೆಸಿದರೂ ಒಟ್ಟಿನಲ್ಲಿ ಆರೇಳು ಪರ್ಸೆಂಟ್ ಕಮ್ಮಿ ಆಗಬೇಕು. ನನಗೆ ಹೋಗಿದ್ದು ಹನ್ನೆರಡು.

ಹಾಗಾದ್ರೆ ಪೆಟ್ರೋಲ್ ಹೋಗ್ತಿರೋದು ಎಲ್ಲಿಗೆ? ನಮ್ಮ ಕೆಲಸದಲ್ಲಿ ಹೀಟ್ ಬ್ಯಾಲೆನ್ಸ್ ಅಂತ ಒಂದಿದೆ. ಫರ್ನೇಸಿಗೆ ಹಾಕಿದ ಶಾಖ ಎಲ್ಲೆಲ್ಲಿಗೆ ಹೋಯ್ತು ಅಂತ ಪೈಸೆ ಪೈಸೆ ಹೊಂದಿಸಬೇಕು. ಕಾರಿಗೂ ಅದನ್ನೇ ಹಾಕಿ ನೋಡಿದೆ, ನೋಡಬಾರದಿತ್ತು. ನೂರು ರೂಪಾಯಿ ಪೆಟ್ರೋಲಿನಲ್ಲಿ ಎಪ್ಪತ್ತರ ಹತ್ತಿರ ಇಂಜಿನ್ನಿನಲ್ಲೇ ಶಾಖವಾಗಿ ಸೈಲೆನ್ಸರ್, ರೇಡಿಯೇಟರ್ ದಾರಿ ಹಿಡಿದು ಹೊರಗೆ ಹೋಗುತ್ತೆ. ಪಿಸ್ಟನ್ ತಿಕ್ಕಾಟ, ವಾಟರ್ ಪಂಪು, ಆಲ್ಟರ್ನೇಟರ್, ಗೇರ್ ಬಾಕ್ಸು, ಎಲ್ಲರೂ ಒಂದಿಷ್ಟು ಕಿತ್ತುಕೊಂಡು ಗಾಲಿಗೆ ಮುಟ್ಟೋದು ಇಪ್ಪತ್ತೋ ಇಪ್ಪತ್ತೈದೋ ರೂಪಾಯಿ. ಇದರಲ್ಲಿ ಕಂಪನಿಯವರನ್ನು ಬೈಯೋ ಹಾಗೂ ಇಲ್ಲ. ಶಾಖದ ಯಂತ್ರ ಯಾವುದೇ ಆಗಲಿ, ಒಂದು ಪಾಲು ಶಾಖವನ್ನು ಹೊರಗೆ ಚೆಲ್ಲಲೇಬೇಕು ಅನ್ನೋದು 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಹಾಕಿಕೊಟ್ಟ ಲೆಕ್ಕದಿಂದಲೇ ಬಂದದ್ದು. ಕುಡತಿನಿ ಥರ್ಮಲ್ ಸ್ಟೇಷನ್ನಿನ ಕೂಲಿಂಗ್ ಟವರಿನಿಂದ ಏಳೋ ಬಿಳಿ ಆವಿ ದಿನಾ ಕಣ್ಣಿಗೆ ಬೀಳುತ್ತೆ. ಅದೂ ಒಂದು ದೊಡ್ಡ ರೇಡಿಯೇಟರೇ. ಮೇ ತಿಂಗಳ ಬಳ್ಳಾರಿಯನ್ನು ಇನ್ನಷ್ಟು ಕಾಯಿಸೋಕೆ ನಾನೂ ದುಡ್ಡು ಕೊಡ್ತಿದ್ದೀನಲ್ಲ ಅಂತ ಹೊಟ್ಟೆ ಉರೀತು.

ಆದರೆ ಆ ಎಪ್ಪತ್ತು ಮೊದಲ ದಿನದಿಂದಲೂ ಹೋಗ್ತಿತ್ತು. ಹೊಸದಾಗಿ ಕಳೆದದ್ದು ಎಲ್ಲಿ?

ಕಂಡುಹಿಡಿದವನು ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿ ಹುಡುಗ. ಟಿ.ಬಿ. ಡ್ಯಾಂ ನೋಡಿಕೊಂಡು ಹೊಸಪೇಟೆ ಕಡೆಯಿಂದ ಬರ್ತಿದ್ವಿ, ಗಾಳಿ ಹಾಕಿಸೋಕೆ ನಿಲ್ಲಿಸಿದೆ. ಎಡಗಡೆ ಮುಂದಿನ ಗಾಲಿಯ ವಾಲ್ವಿಗೆ ಕೈ ಹಾಕಿದವನು ಸರಕ್ಕನೆ ಹಿಂದಕ್ಕೆ ಎಳಕೊಂಡ. "ಅಣ್ಣಾ, ಈ ಗಾಲಿ ಯಾಕ ಹಿಂಗ ಕಾದೈತಿ?" ಬಾಟಲಿಯಿಂದ ಡಿಸ್ಕಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದ. ಚುರ್ ಅಂತು, ದೋಸೆ ಹಂಚಿಗೆ ನೀರು ಹಾಕಿದ ಹಾಗೆ. ಬಲಗಡೆ ಗಾಲಿ ಬರೀ ಬೆಚ್ಚಗಿತ್ತು. "ಬ್ರೇಕ್ ಹಿಡದೈತ್ರಿ, ಬಿಡವಲ್ದು."

ಮರುದಿನ ನಮ್ಮ ಓಣಿಯ ಮೆಕ್ಯಾನಿಕ್ ಜಾಕ್ ಕೊಟ್ಟು ಎತ್ತಿ ಗಾಲಿ ತಿರುಗಿಸಿದ. ಬಲಗಡೆಯದು ಸಲೀಸಾಗಿ ಎರಡು ಮೂರು ಸುತ್ತು ಹೋಯ್ತು. ಎಡಗಡೆಯದು ಅರ್ಧ ಸುತ್ತಿಗೆ ನಿಂತಿತು. ಕ್ಯಾಲಿಪರ್ ಅಂದ್ರೆ ಡಿಸ್ಕನ್ನು ಹಿಡಿದು ಬಿಡೋ ಬ್ರೇಕಿನ ಇಕ್ಕಳ, ಅದು ಜಾರೋ ಪಿನ್ನಿನ ರಬ್ಬರ್ ಹರಿದಿತ್ತು. ಒಳಗೆ ಗ್ರೀಸು ಮತ್ತು ಅದಿರಿನ ಧೂಳು ಸೇರಿ, ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಅದಿರು ಲಾರಿಗಳ ಹಿಂದೆ ವರ್ಷಗಟ್ಟಲೆ ಓಡಿಸಿದ್ದರ ಪ್ರಸಾದ. ರಬ್ಬರ್, ಗ್ರೀಸು, ಮಜೂರಿ ಎಲ್ಲ ಸೇರಿ 700 ರೂಪಾಯಿ. ಮುಂದಿನ ಟ್ಯಾಂಕಿಗೆ 17.4.

ಲೆಕ್ಕ ಹಾಕಿದರೆ ಆ ಬ್ರೇಕ್ ತಿಂದ ಪೆಟ್ರೋಲ್ ದಿನಕ್ಕೆ 450 ಎಂಎಲ್ ಹತ್ತಿರ, ಅಂದ್ರೆ ನಲವತ್ತೈದು ರೂಪಾಯಿ. ಎಂಟು ತಿಂಗಳು! ಎಪ್ಪತ್ತರ ವೇಗದಲ್ಲಿ ಆ ಒಂದು ಗಾಲಿಯಲ್ಲಿ ಒಂದೂವರೆ ಕಿಲೋವ್ಯಾಟ್ ಶಾಖ ಅಂತ ನನ್ನ ಅಂದಾಜು. ಸ್ನಾನದ ನೀರು ಕಾಯಿಸೋ ಕಾಯಿಲನ್ನು ಗಾಲಿಗೆ ಕಟ್ಟಿಕೊಂಡು ಡ್ಯೂಟಿಗೆ ಹೋಗ್ತಿದ್ದೆ. ಎರಡು ಸರ್ವಿಸಿನಲ್ಲಿ ಒಬ್ಬರಾದ್ರೂ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ್ರೆ ಸಾಕಿತ್ತು. ಚೆಕ್‌ಲಿಸ್ಟಿನಲ್ಲಿ ಮಾತ್ರ ಬ್ರೇಕ್ ಎದುರಿಗೆ ಟಿಕ್ ಇದೆ.

ಆಮೇಲೆ ಕಾರಿನ ಮೇಲಿನ ಸಿಟ್ಟು ಇಳೀತು, ಪಾಪ ಅದರದೇನು ತಪ್ಪು. ಈಗ ಬ್ರೇಕಿನ ಮೇಲೇ ಕಣ್ಣು. 80ರಲ್ಲಿ ಬರ್ತಾ ಹಂಪ್ ಕಂಡು ಬ್ರೇಕ್ ಒತ್ತಿ ನಿಂತರೆ, ಮತ್ತೆ ಆ ವೇಗ ಮುಟ್ಟೋಕೆ 30–35 ಎಂಎಲ್ ಪೆಟ್ರೋಲ್ ಬೇಕು. ಕೆಮ್ಮಿನ ಔಷಧಿಯ ಮೂರು ಮುಚ್ಚಳ, ಮೂರು ರೂಪಾಯಿಯ ಮೇಲೆ. ಹಾಗಾಗಿ ಹಂಪ್ ಎಲ್ಲೆಲ್ಲಿ ಬರುತ್ತೆ ಅಂತ ಬಾಯಿಪಾಠ ಮಾಡಿದ್ದೀನಿ. ಕುಡತಿನಿ ಬರೋಕೆ ಮುಂಚೆ ಒಂದು ಬೇವಿನ ಮರ ಇದೆ, ಅಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಂಪ್ ಹತ್ತಿರ ಬರೋ ಹೊತ್ತಿಗೆ ವೇಗ ತಾನೇ ಇಳಿದಿರುತ್ತೆ. ನ್ಯೂಟ್ರಲ್ ಹಾಕಬೇಡಿ, ಆಗ ಇಂಜಿನ್ ಐಡಲ್ ಆಗೋಕೆ ಪೆಟ್ರೋಲ್ ಕುಡಿಯುತ್ತೆ. ಗೇರಿನಲ್ಲೇ ಇದ್ದರೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಪೂರ್ತಿ ಬಂದ್, ಗಾಲಿಯೇ ಇಂಜಿನ್ ತಿರುಗಿಸುತ್ತೆ. ಆ ಅರ್ಧ ನಿಮಿಷ ಪುಕ್ಕಟೆ ಸವಾರಿ. ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ.

ಇನ್ನೊಂದು ಚಟ ಹೊಸದು: ಮನೆ ಮುಂದೆ ಇಳಿದ ತಕ್ಷಣ ನಾಲ್ಕೂ ಗಾಲಿಯ ರಿಮ್ಮಿನ ಹತ್ತಿರ ಅಂಗೈ ಹಿಡಿದು ನೋಡ್ತೀನಿ. ಎದುರುಮನೆ ಅಜ್ಜಿ ಮೊನ್ನೆ ಕೇಳಿದರು, "ಏನಪ್ಪಾ, ದಿನಾ ಗಾಡಿಗೆ ಮಂಗಳಾರತಿ ತಗಂತಿಯಾ?"

ಕಾರಿಗೆ ಐದಕ್ಕೆ ನಾಲ್ಕು. ಸರ್ವಿಸಿಗೆ ಒಂದು, ಅದೂ ಅಲ್ಲಿಯ ವಾಚ್‌ಮನ್ ಹೋದಾಗೆಲ್ಲ ನಮಸ್ಕಾರ ಹೇಳ್ತಿದ್ದನಲ್ಲ ಅಂತ. ಗ್ಯಾರಂಟಿ ಮುಗಿದಿದೆ, ಇನ್ನು ಮೇಲೆ ಓಣಿಯ ಮೆಕ್ಯಾನಿಕ್ಕೇ ಗತಿ. ಎಸಿ ಬಂದ್ ಮಾಡಿದರೆ 18 ದಾಟುತ್ತೆ ಅಂತ ಬುದ್ಧಿ ಹೇಳೋರಿಗೆ: ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಸುಧಾ ಕ್ರಾಸ್ ರೈಲ್ವೆ ಗೇಟ್ ಹಾಕಿದೆ, ಮುಂದೆ ಅದಿರಿನ ಗೂಡ್ಸು ಹೋಗ್ತಾನೇ ಇದೆ. ಬನ್ನಿ, ನನ್ನ ಪಕ್ಕದ ಸೀಟಿನಲ್ಲಿ ಕೂತು ಹೇಳಿ.