ಗಂಗೋತ್ರಿ ಹತ್ತಿರದ ಲೇಡೀಸ್ ಪಿ.ಜಿ.: ಊಟ ಚೆನ್ನಾಗಿದೆ, ಅಗ್ರಿಮೆಂಟ್ ಓದದೆ ಸಹಿ ಹಾಕಬೇಡಿ

ನಾವು ಮಂಡ್ಯದವರು. ಮನೆ ಮುಂದಿನ ಕೋಣೆಯಲ್ಲೇ ನನ್ನ ಟೈಲರಿಂಗ್ ಅಂಗಡಿ. ಮಗಳು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ. ಸೀಟು ಸಿಕ್ಕ ಹೊಸದರಲ್ಲಿ ಎರಡು ತಿಂಗಳು ಅವಳು ಒಂದು ಲೇಡೀಸ್ ಪಿ.ಜಿ.ಯಲ್ಲಿ ಇದ್ದಳು. ಆ ಪಿ.ಜಿ. ಹೇಗಿತ್ತು, ಅಲ್ಲಿಂದ ಬಿಟ್ಟು ಬರುವಾಗ ಏನಾಯಿತು ಅಂತ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಆ ವಾರ ನಾವು ನಾಲ್ಕು ಪಿ.ಜಿ. ನೋಡಿದೆವು, ಮೂರರಲ್ಲಿ ಇದೇ ಥರದ ಕಾಗದ ಮುಂದಿಟ್ಟರು. ಹಾಗಾಗಿ ಒಬ್ಬರ ಹೆಸರು ಹೇಳುವುದಕ್ಕಿಂತ ಕಾಗದದಲ್ಲಿ ಏನಿತ್ತು ಅಂತ ಹೇಳುವುದು ಮುಖ್ಯ.

ಮಂಡ್ಯದಿಂದ ದಿನಾ ಓಡಾಡಬಹುದಲ್ವಾ, ಹೆಣ್ಣುಮಕ್ಕಳಿಗೆ ಬಸ್ಸೂ ಫ್ರೀ ಅಂತ ಬಹಳ ಜನ ಕೇಳಿದರು. ಮೊದಲ ಎರಡು ವಾರ ಅವಳು ಹಾಗೇ ಮಾಡಿದಳು. ಮೈಸೂರಿಗೆ ಬಸ್ಸಲ್ಲಿ ಒಂದು ಗಂಟೆಯ ದಾರಿ, ನಿಜ. ಆದರೆ ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಇಳಿದು, ಸಿಟಿ ಬಸ್ ಸ್ಟ್ಯಾಂಡಿಗೆ ನಡೆದು, ಅಲ್ಲಿಂದ ಗಂಗೋತ್ರಿ ಬಸ್ ಹಿಡಿಯಬೇಕು. ಮಧ್ಯಾಹ್ನದ ಲ್ಯಾಬ್ ಮುಗಿಯುವುದೇ ಐದೂವರೆಗೆ. ಮನೆಗೆ ಬರುವಾಗ ಎಂಟು, ಎಂಟೂವರೆ. ತಟ್ಟೆ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ಸರ್ಕಾರಿ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದೆವು. ಅದರ ಪಟ್ಟಿ ಅಡ್ಮಿಷನ್ ಎಲ್ಲ ಮುಗಿದ ಮೇಲೆ ತಾನೇ ಬರುವುದು. ಅಲ್ಲಿವರೆಗೆ ಇರಲಿ ಅಂತ ಪಿ.ಜಿ. ಹುಡುಕಿದೆವು.

ಜಾಗ ತುಂಬಾ ಚೆನ್ನಾಗಿತ್ತು. ಕುಕ್ಕರಹಳ್ಳಿ ಕೆರೆಯಿಂದ ಹತ್ತು ನಿಮಿಷ, ಡಿಪಾರ್ಟ್‌ಮೆಂಟಿಗೆ ನಡೆದೇ ಹೋಗಬಹುದು. ಮೂರು ಜನರ ರೂಮು. ತಿಂಗಳಿಗೆ ಊಟ ಸೇರಿ 6,500 ರೂಪಾಯಿ. ಅಡ್ವಾನ್ಸ್ 10,000. ಒಬ್ಬೊಬ್ಬರಿಗೂ ಒಂದು ಮಂಚ, ಬೀಗ ಹಾಕುವ ಒಂದು ಕಬ್ಬಿಣದ ಬೀರು. ಕಿಟಕಿಗೆ ಸೊಳ್ಳೆ ಪರದೆ ಇತ್ತು. ಕೆರೆ ಹತ್ತಿರ ಇದ್ದರೆ ಅದು ಬೇಕೇ ಬೇಕು. ಸೋಲಾರ್ ಬಿಸಿನೀರು ಬೆಳಿಗ್ಗೆ ಏಳೂವರೆವರೆಗೆ ಬರುತ್ತಿತ್ತು, ಮೋಡ ಇದ್ದ ದಿನ ಬರುತ್ತಿರಲಿಲ್ಲ. ವೈಫೈ ಕೆಳಗಿನ ಮಹಡಿಯಲ್ಲಿ ಮಾತ್ರ ಸರಿಯಾಗಿ ಸಿಗುತ್ತಿತ್ತು. ಮೇಲಿನ ರೂಮಿನ ಮಕ್ಕಳು ಮೆಟ್ಟಿಲ ಮೇಲೆ ಕೂತು ಅಸೈನ್‌ಮೆಂಟ್ ಕಳಿಸುತ್ತಿದ್ದರು.

ಊಟದ ವಿಷಯಕ್ಕೆ ನಾನು ಮನಸಾರೆ ಒಳ್ಳೆಯ ಮಾತು ಹೇಳುತ್ತೇನೆ. ಅಡುಗೆ ಮಾಡುವ ಅಕ್ಕ ನಂಜನಗೂಡು ಕಡೆಯವರು. ಬುಧವಾರ, ಶನಿವಾರ ರಾತ್ರಿ ಮುದ್ದೆ, ಬಸ್ಸಾರು. ನಮ್ಮ ಕಡೆ ನಾವು ಹಿಟ್ಟು ಅನ್ನುತ್ತೇವೆ. ಮನೆ ಬಿಟ್ಟ ಮಗುವಿಗೆ ವಾರಕ್ಕೆ ಎರಡು ದಿನ ಹಿಟ್ಟು ಸಿಕ್ಕರೆ ಎಷ್ಟು ಸಮಾಧಾನ ಅಂತ ಮಂಡ್ಯದ ತಾಯಂದಿರಿಗೆ ಹೇಳಬೇಕಿಲ್ಲ. ಮಗಳಿಗೆ ಜ್ವರ ಬಂದಾಗ ಆ ಅಕ್ಕ ಯಾರೂ ಹೇಳದೆಯೇ ಗಂಜಿ ಮಾಡಿ, ಮೂರನೇ ಮಹಡಿಗೆ ತಂದುಕೊಟ್ಟಿದ್ದರು. ಆ ಋಣ ನನಗಿದೆ. ರಾತ್ರಿ ಒಂಬತ್ತಕ್ಕೆ ಗೇಟ್ ಹಾಕುತ್ತಿದ್ದರು, ಬೀದಿಯಲ್ಲಿ ದೀಪ ಇತ್ತು, ಭಯ ಇರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಸೇರುವ ದಿನ ಒಂದು ಕೈಯಲ್ಲಿ ಹಾಸಿಗೆ, ಇನ್ನೊಂದು ಕೈಯಲ್ಲಿ ಬಕೆಟ್ ಹಿಡಿದು ನಿಂತಿದ್ದಾಗ ಓನರ್ ಆಂಟಿ ಇ-ಸ್ಟ್ಯಾಂಪ್ ಕಾಗದ ತಂದರು. ನಾಲ್ಕು ಪುಟ, ಎಲ್ಲ ಇಂಗ್ಲಿಷ್. "ಎಲ್ಲರೂ ಹಾಕುವುದೇ ಮೇಡಂ, ಸುಮ್ನೆ ಒಂದು ಫಾರ್ಮಾಲಿಟಿ" ಅಂದರು. ಮಗಳು ಸಹಿ ಹಾಕಿದಳು. ಗ್ಯಾರಂಟಿ ಅಂತ ಇದ್ದ ಜಾಗದಲ್ಲಿ ನಾನೂ ಹಾಕಿದೆ. ಅಲ್ಲೇ ಒಂದು ಕಾಪಿ ಕೇಳಬೇಕಿತ್ತು, ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ ಅಂದಾಗ ಮಾತ್ರ ಆಗಲ್ಲ ಅಂದೆ, ಜೆರಾಕ್ಸ್ ಕೊಟ್ಟೆ. ನೀವು ಯಾರೂ ಒರಿಜಿನಲ್ ಕೊಡಬೇಡಿ. ಅದು ಅವರ ಬೀರುವಿನಲ್ಲಿದ್ದರೆ ಮುಂದೆ ನೀವು ಗಟ್ಟಿಯಾಗಿ ಮಾತಾಡುವುದೇ ಕಷ್ಟ.

ಏಳನೇ ವಾರ ಹಾಸ್ಟೆಲ್ ಪಟ್ಟಿ ಬಂತು. ಮಗಳ ಹೆಸರಿತ್ತು. ಫೋನಲ್ಲಿ ಅವಳ ದನಿ ಕೇಳಿ ನಾನು ಮಿಷನ್ ನಿಲ್ಲಿಸಿ ಎದ್ದು ನಿಂತೆ. ಹಾಸ್ಟೆಲ್ ಸಿಕ್ಕರೆ ತಿಂಗಳಿಗೆ 6,500 ಉಳಿಯುತ್ತದೆ. ನಮ್ಮ ಮನೆಗೆ ಅದು ಸಣ್ಣ ದುಡ್ಡಲ್ಲ. ಆದರೆ ಹೇಳಿದ ದಿನದೊಳಗೆ ಸೇರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಆ ತಿಂಗಳ 18ನೇ ತಾರೀಕು ಮಗಳು ಆಂಟಿಗೆ ಹೇಳಿದಳು: "ಆಂಟಿ, ಈ ತಿಂಗಳ ಕೊನೆಗೆ ರೂಮು ಬಿಡ್ತೀನಿ."

ಆಂಟಿ ಕಾಗದ ತೆಗೆದು ಒಂಬತ್ತನೇ ಕಲಂ ತೋರಿಸಿದರು. 11 ತಿಂಗಳು ಲಾಕ್-ಇನ್. ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆ ಪೂರ್ತಿ ಕಟ್ಟಬೇಕು. ಒಂಬತ್ತು ತಿಂಗಳಿಗೆ 58,500 ರೂಪಾಯಿ. ಅಡ್ವಾನ್ಸ್ ಕಳೆದು ಇನ್ನೂ 48,500 ನಾವೇ ಕೊಡಬೇಕಂತೆ. ಮಗಳು ಅಳುತ್ತಾ ಫೋನ್ ಮಾಡಿದಳು. "ಅಮ್ಮ, ಹಾಸ್ಟೆಲ್ ಬೇಡ ಬಿಡು, ಇಲ್ಲೇ ಇರ್ತೀನಿ" ಅಂದಳು. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಓದಿ ಸಂಪಾದಿಸಿದ ಸೀಟನ್ನು ಒಂದು ಕಾಗದಕ್ಕೆ ಹೆದರಿ ಬಿಡುವುದು ಅಂದರೇನು?

ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬ ಲಾಯರ್ ಮೇಡಂ ಇದ್ದಾರೆ, ಮಂಡ್ಯ ಕೋರ್ಟಲ್ಲೇ ಪ್ರಾಕ್ಟೀಸು. ಅಂದು ಸಂಜೆ ಅಳತೆ ಕೊಡಲು ಬಂದಿದ್ದರು. ಮಗಳು ಕಳಿಸಿದ್ದ ನಾಲ್ಕು ಪುಟದ ಫೋಟೋ ತೋರಿಸಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಹಾಕುತ್ತೇನೆ.

ನಮ್ಮ ದೇಶದ ಕರಾರು ಕಾಯ್ದೆ 1872ರದ್ದು. ಅದರ 74ನೇ ಸೆಕ್ಷನ್ ಪ್ರಕಾರ, ಒಪ್ಪಂದ ಮುರಿದರೆ ಇಷ್ಟು ದುಡ್ಡು ಅಂತ ಬರೆದಿದ್ದರೂ ಅಷ್ಟೂ ತಾನಾಗಿ ಬಂದುಬಿಡುವುದಿಲ್ಲ. ನ್ಯಾಯವಾದಷ್ಟು ಪರಿಹಾರ ಮಾತ್ರ. ಬರೆದಿರುವ ಮೊತ್ತ ಅದರ ಮೇಲಿನ ಮಿತಿ, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. 73ನೇ ಸೆಕ್ಷನ್ನಿನ ವಿವರಣೆಯಲ್ಲಿ ಇನ್ನೊಂದು ಮಾತಿದೆ. ನಷ್ಟ ಲೆಕ್ಕ ಹಾಕುವಾಗ, ಆ ನಷ್ಟ ತಪ್ಪಿಸಿಕೊಳ್ಳಲು ಏನು ದಾರಿ ಇತ್ತು ಅನ್ನುವುದನ್ನೂ ನೋಡಬೇಕು. ಅಂದರೆ ಮಗಳು ಬಿಟ್ಟ ಮಂಚಕ್ಕೆ ಇನ್ನೊಬ್ಬ ಹುಡುಗಿ ಬಂದರೆ ಆಂಟಿಗೆ ಆದ ನಷ್ಟ ಎಷ್ಟು? ಮಂಚ ಖಾಲಿ ಇದ್ದಷ್ಟು ದಿನದ್ದು. ಒಂದೇ ಮಂಚಕ್ಕೆ ಇಬ್ಬರ ಹತ್ತಿರ ಬಾಡಿಗೆ ತೆಗೆದುಕೊಳ್ಳುವುದು ಹೇಗೆ ಸರಿ?

11 ತಿಂಗಳೇ ಯಾಕೆ ಅಂತಲೂ ಕೇಳಿದೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಆದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಅದಕ್ಕೇ ಎಲ್ಲ ಕಡೆ 11 ತಿಂಗಳ ಅಗ್ರಿಮೆಂಟ್ ರೂಢಿ. ನಮ್ಮ ಮನೆ ಬಾಡಿಗೆ ಪತ್ರವೂ 11 ತಿಂಗಳದ್ದೇ. ಇಷ್ಟು ವರ್ಷ ಸಹಿ ಹಾಕಿದ್ದೇನೆ, ಕಾರಣ ಗೊತ್ತಾದದ್ದು ಅವತ್ತು.

ಗ್ರಾಹಕ ಕಾಯ್ದೆಯ ವಿಷಯವನ್ನೂ ಮೇಡಂ ಹೇಳಿದರು. 2019ರ ಕಾಯ್ದೆಯಲ್ಲಿ ಅನ್ಯಾಯದ ಒಪ್ಪಂದ ಅಂದರೆ ಏನು ಅಂತಲೇ ವಿವರಿಸಿದ್ದಾರೆ. ಮಿತಿಮೀರಿದ ಠೇವಣಿ ಕೇಳುವುದು, ಆದ ನಷ್ಟಕ್ಕೆ ಹೊಂದಿಕೆಯೇ ಇಲ್ಲದಷ್ಟು ದಂಡ ಹಾಕುವುದು, ಎರಡೂ ಅದರಲ್ಲಿ ಬರುತ್ತವೆ. ಒಪ್ಪಂದವೇ ಅನ್ಯಾಯದ್ದು ಅಂತ ಹೋಗುವುದಾದರೆ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬೇಕಂತೆ. ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಹೇಳಿದ ಸೌಲಭ್ಯ ಕೊಡಲಿಲ್ಲ ಅನ್ನುವ ದೂರಾದರೆ ಜಿಲ್ಲಾ ಆಯೋಗ ಸಾಕು. ಪಿ.ಜಿ. ಮೈಸೂರಲ್ಲಿದ್ದರೂ ದೂರು ಕೊಡುವವರು ಇರುವ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಫೀಸೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. "ಮೊದಲು ಜಗಳ ಬೇಡ, ಒಂದು ಪತ್ರ ಬರೆಯಿರಿ" ಅಂದರು. ಅಂದಿನ ಹೊಲಿಗೆ ಕೂಲಿ ನಾನು ತೆಗೆದುಕೊಳ್ಳಲಿಲ್ಲ.

ಕನ್ನಡದಲ್ಲೇ ಒಂದು ಪುಟ ಬರೆದೆ. ಯಾವ ದಿನ ಸೇರಿದ್ದು, ಎಷ್ಟು ಕಟ್ಟಿದ್ದು, ಯಾವ ದಿನ ಬಿಡುತ್ತೇವೆ ಅಂತ ಹೇಳಿದ್ದು, ಯಾಕೆ ಬಿಡುತ್ತಿರುವುದು. ಮಂಚಕ್ಕೆ ಬೇರೆ ಹುಡುಗಿಯನ್ನು ನಾವೇ ಹುಡುಕಿಕೊಡುತ್ತೇವೆ, ಖಾಲಿ ಇದ್ದಷ್ಟು ದಿನದ ಬಾಡಿಗೆ ಕೊಡುತ್ತೇವೆ ಅಂತಲೂ ಬರೆದೆ. ಕೈಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸಹಿ ತೆಗೆದುಕೊಂಡೆ. ಫೋಟೋ ತೆಗೆದು ಆಂಟಿಗೆ ವಾಟ್ಸಾಪ್ ಕೂಡ ಮಾಡಿದೆ. ರೂಮು ಬಿಡುವ ದಿನ ಮಂಚ, ಬೀರು, ಗೋಡೆ, ಸ್ವಿಚ್ ಬೋರ್ಡ್ ಎಲ್ಲದರ ವಿಡಿಯೋ ಮಾಡಿಕೊಂಡಳು ಮಗಳು.

ಆಂಟಿ ಸ್ವಲ್ಪ ಇಳಿದರು. 30 ದಿನದ ನೋಟಿಸ್ ಕೊಟ್ಟಿಲ್ಲ, ಅದಕ್ಕೆ ಒಂದು ತಿಂಗಳು ಹಿಡಿಯುತ್ತೇನೆ, ಪೇಂಟಿಂಗಿಗೆ 1,500, ಉಳಿದ 2,000 ಕೊಡುತ್ತೇನೆ ಅಂದರು. ಜಿಎಸ್‌ಟಿ ಮಾತೂ ತೆಗೆದರು. 90 ದಿನ ಇರದಿದ್ದರೆ ಟ್ಯಾಕ್ಸ್ ಬೀಳುತ್ತದೆ, ಅದನ್ನೂ ನೀವೇ ಕೊಡಬೇಕು ಅಂದರು. ಅದರಲ್ಲಿ ಅರ್ಧ ನಿಜ ಇದೆ. ತಿಂಗಳಿಗೆ 20,000 ರೂಪಾಯಿ ಒಳಗಿನ ಹಾಸ್ಟೆಲ್ ವಾಸಕ್ಕೆ 2024ರ ಜುಲೈಯಿಂದ ಜಿಎಸ್‌ಟಿ ಇಲ್ಲ, ಕನಿಷ್ಠ 90 ದಿನ ಒಂದೇ ಸಮ ಇರಬೇಕು ಅನ್ನುವ ಷರತ್ತೂ ಇದೆ. ಆದರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ಅವರು ಕೊಟ್ಟ ಎರಡೂ ರಸೀದಿಯಲ್ಲಿ ಜಿಎಸ್‌ಟಿ ನಂಬರೇ ಇರಲಿಲ್ಲ. ನಂಬರ್ ಕೊಡಿ ಆಂಟಿ, ಬಿಲ್ ಹಾಕಿಕೊಡಿ, ಕಟ್ಟುತ್ತೇವೆ ಅಂದೆ. ಆ ಮಾತು ಮತ್ತೆ ಬರಲಿಲ್ಲ.

ನಾವು ಹೊಸ ಹುಡುಗಿಯನ್ನು ಹುಡುಕಿದ್ದು ಕೆಲಸಕ್ಕೆ ಬಂತು. ಮಗಳ ಕ್ಲಾಸಿನ ಒಬ್ಬಳು ಕೊಳ್ಳೇಗಾಲದವಳು, ಚಿಕ್ಕಮ್ಮನ ಮನೆಯಲ್ಲಿದ್ದು ಓಡಾಡುತ್ತಿದ್ದಳು. ಏಳನೇ ತಾರೀಕು ಅದೇ ಮಂಚಕ್ಕೆ ಬಂದು ಸೇರಿದಳು. ಖಾಲಿ ಇದ್ದದ್ದು ಆರು ದಿನ. 6,500ರ ಲೆಕ್ಕದಲ್ಲಿ ಆರು ದಿನಕ್ಕೆ 1,300 ರೂಪಾಯಿ. ಪೇಂಟಿಂಗ್ 1,500 ಕಾಗದದಲ್ಲಿ ಇತ್ತು, ಒಪ್ಪಿಕೊಂಡೆ. ಎರಡು ತಿಂಗಳಲ್ಲಿ ಗೋಡೆಗೆ ಏನೂ ಆಗಿರಲಿಲ್ಲ, ಆದರೂ ಒಪ್ಪಿಕೊಂಡೆ. ಉಳಿದ 7,200 ಕೊಡಿ ಅಂತ ಕೇಳಿದೆ. ಮೂರು ಸಲ ಮಂಡ್ಯದಿಂದ ಹೋದೆ. ಅಂಗಡಿ ಮುಚ್ಚಿ ಹೋದ ಆ ಮೂರು ದಿನದ ಸಂಪಾದನೆ ಯಾರೂ ಕೊಡುವುದಿಲ್ಲ. ಐದನೇ ವಾರ ಫೋನ್‌ಪೇಗೆ 7,200 ಬಂತು.

ದುಡ್ಡು ಬಂತಲ್ಲ ಅಂತ ಸ್ಟಾರ್ ಜಾಸ್ತಿ ಮಾಡುವುದಿಲ್ಲ. ಎರಡು ಕೊಡುತ್ತೇನೆ, ಎರಡೂ ಅಡುಗೆ ಅಕ್ಕನಿಗೆ ಮತ್ತು ಆ ಜಾಗಕ್ಕೆ. ಓನರ್ ಆಂಟಿಗೂ ಕಷ್ಟ ಇದೆ, ಗೊತ್ತು. ವರ್ಷದ ನಡುವೆ ಮಂಚ ಖಾಲಿಯಾದರೆ ತುಂಬುವುದು ಸುಲಭವಲ್ಲ, ಬ್ಯಾಂಕ್ ಸಾಲ ಕಾಯುವುದಿಲ್ಲ. ಅದಕ್ಕೆ ಒಂದು ತಿಂಗಳ ನೋಟಿಸ್ ಕೇಳಲಿ, ಬದಲಿ ಹುಡುಗಿಯನ್ನು ಕೇಳಲಿ, ನಾನೂ ಒಪ್ಪುತ್ತೇನೆ. ಆದರೆ ಸೇರುವವರಲ್ಲಿ ಎಷ್ಟೋ ಮಕ್ಕಳು ಸರ್ಕಾರಿ ಹಾಸ್ಟೆಲ್ ಪಟ್ಟಿಗೆ ಕಾಯುತ್ತಿರುತ್ತಾರೆ ಅಂತ ಗಂಗೋತ್ರಿ ಸುತ್ತ ಪಿ.ಜಿ. ನಡೆಸುವವರಿಗೆ ಗೊತ್ತಿರುವುದಿಲ್ವಾ? ಗೊತ್ತಿದ್ದೂ ಆ ಮಗುವಿಗೆ ಒಂಬತ್ತು ತಿಂಗಳ ಬಾಡಿಗೆ ತೋರಿಸಿ ಹೆದರಿಸಬಾರದು.

ಪಟ್ಟಿಯಲ್ಲಿ ಹೆಸರು ಬರದವರಿಗೆ ಒಂದು ಮಾತು. ಹಿಂದುಳಿದ ವರ್ಗದ ಮಕ್ಕಳು ವಿದ್ಯಾಸಿರಿಗೆ ಅರ್ಜಿ ಹಾಕಿ. ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ಅಂತ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಡುವ ಯೋಜನೆ ಅದು. ಪಿ.ಜಿ. ಬಾಡಿಗೆ ಪೂರ್ತಿ ಆಗುವುದಿಲ್ಲ, ಆದರೆ ಭಾರ ಇಳಿಯುತ್ತದೆ.

ಕೊಳ್ಳೇಗಾಲದ ಹುಡುಗಿ ಸೇರುವ ದಿನ ನಾನೂ ಅಲ್ಲಿದ್ದೆ. ಅವಳ ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದೇ ನಾಲ್ಕು ಪುಟ ಬಂತು. ಒಂಬತ್ತನೇ ಕಲಮಿನ ಕೆಳಗೆ ಜಾಗ ಇತ್ತು. "ಅಣ್ಣ, ಇಲ್ಲಿ ಪೆನ್ನಲ್ಲಿ ಒಂದು ಸಾಲು ಬರೆಸಿಕೊಳ್ಳಿ" ಅಂದೆ. ಸರ್ಕಾರಿ ಹಾಸ್ಟೆಲ್ ಸೀಟು ಸಿಕ್ಕರೆ 15 ದಿನ ಮೊದಲು ತಿಳಿಸಿ ರೂಮು ಬಿಡಬಹುದು, ಅಡ್ವಾನ್ಸ್ ವಾಪಸ್ ಕೊಡಲಾಗುವುದು. ಅವರು ಕನ್ನಡದಲ್ಲಿ ನಿಧಾನವಾಗಿ ಬರೆದರು. ಆಂಟಿ ನನ್ನ ಮುಖ ಒಮ್ಮೆ ನೋಡಿದರು, ಪೆನ್ನು ತೆಗೆದುಕೊಂಡು ಆ ಸಾಲಿನ ಪಕ್ಕ ಸಹಿ ಹಾಕಿದರು.