ಕವರ್ ಮೇಲೆ ಆಕ್ಟೋಪಸ್, ಒಳಗೆ ಸಾವಿರ ಪುಟ: ಲವ್‌ಕ್ರಾಫ್ಟ್ ಸಮಗ್ರ ಕತೆಗಳು ತಗೋಬಹುದಾ?

ಅಮೆರಿಕದ ಹಾರರ್ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ ಬರೆದ ಕತೆಗಳನ್ನೆಲ್ಲಾ ಒಂದೇ ವಾಲ್ಯೂಮಲ್ಲಿ ತುಂಬಿರೋ ದಪ್ಪ ಇಂಗ್ಲಿಷ್ ಪುಸ್ತಕ ಇದು, ಸಾವಿರ ಪುಟ ದಾಟುತ್ತೆ. ಮೈಸೂರಲ್ಲಿ ಅರಸು ರೋಡ್ ಹತ್ರದ ಒಂದು ಅಂಗಡೀಲಿ ತಗೊಂಡೆ, ಎಂಆರ್‌ಪಿ 599 ಇದ್ದಿದ್ದು ಚೌಕಾಸಿ ಮಾಡಿದ್ಮೇಲೆ 450ಕ್ಕೆ ಕೊಟ್ರು. ಇಷ್ಟು ಕಮ್ಮಿಗೆ ಇಷ್ಟು ಪುಟ ಹೆಂಗೆ ಅಂದ್ರೆ, ಈಯಪ್ಪ ತೀರ್ಕೊಂಡಿದ್ದು 1937ರಲ್ಲಿ, ನಮ್ ಕಾನೂನಲ್ಲಿ ಲೇಖಕ ಸತ್ತು 60 ವರ್ಷ ಆದ್ಮೇಲೆ ಕಾಪಿರೈಟ್ ಮುಗೀತು, ಯಾರ್ ಬೇಕಾದ್ರೂ ಪ್ರಿಂಟ್ ಹಾಕ್ಕೋಬಹುದು, ಹಾಕಿದಾರೆ, ಹೆಂಗೆಂಗೋ ಹಾಕಿದಾರೆ.

ಪೇಪರ್ ತೆಳು, ಹಿಂದಿನ ಪುಟ ಮುಂದಕ್ಕೆ ಕಾಣುತ್ತೆ. ಅಕ್ಷರ ಪಂಚಾಂಗದ ಸೈಜು. ಅಚ್ಚಿನ ತಪ್ಪುಗಳಂತೂ ಕೇಳ್ಬೇಡಿ, ಒಂದ್ಕಡೆ ಒಂದು ಪ್ಯಾರಾ ಎರಡು ಸಲ ಬಂದಿದೆ, ನಾನು ಅದೂ ಕತೆ ಭಾಗನೇ ಇರ್ಬೇಕು, ಆ ಪಾತ್ರಕ್ಕೆ ತಲೆ ಕೆಡ್ತಿದೆ ಅಂದ್ಕೊಂಡು ಓದ್ತಿದ್ದೆ. ಪಾಪ, ಅವ್ನು ಬದುಕಿದ್ದಾಗ ಪುಸ್ತಕ ಅಂತ ಬಂದಿದ್ದು ಒಂದೇ, 1936ರ 'ದಿ ಶ್ಯಾಡೋ ಓವರ್ ಇನ್ಸ್‌ಮತ್', ಬೈಂಡ್ ಆಗಿದ್ದು ಸುಮಾರು 200 ಪ್ರತಿ, ಅದ್ರಲ್ಲೂ ಅಚ್ಚಿನ ತಪ್ಪು ತುಂಬಿತ್ತಂತೆ. ಇನ್ನೂ ಆ ಗ್ರಹಚಾರ ಬಿಟ್ಟಿಲ್ಲ ನೋಡಿ.

ಆದ್ರೆ ನನ್ ತಕರಾರು ಪೇಪರ್ ಬಗ್ಗೆ ಅಲ್ಲ, ಈ ಪುಸ್ತಕ ಯಾರನ್ನ ಕರೀತಿದೆ ಅನ್ನೋದ್ರ ಬಗ್ಗೆ. ಕವರ್ ಮೇಲೆ ದೊಡ್ಡದಾಗಿ ಲವ್‌ಕ್ರಾಫ್ಟ್ ಕಲ್ಪಿಸಿದ ರಾಕ್ಷಸ ದೇವತೆ ಕಥುಲು ಇದಾನೆ, ಆಕ್ಟೋಪಸ್ ಮುಖ, ರೆಕ್ಕೆ, ಹಸಿರು ಮೈ, ಎಲ್ಲಾ ಇದೆ. ನಮ್ ಕಡೆ ಹುಡುಗ್ರಿಗೆ ಇವನು ಚೆನ್ನಾಗೇ ಗೊತ್ತು. ಗೇಮಲ್ಲಿ ನೋಡಿದಾರೆ, ಟೀಶರ್ಟಲ್ಲಿ ಹಾಕ್ಕೊಂಡಿದಾರೆ, ಮೆಟಲ್ ಮ್ಯೂಸಿಕ್ ಕೇಳೋರು ಹಾಡಲ್ಲೇ ಹೆಸರು ಕೇಳಿದಾರೆ, ಬ್ಯಾಟ್‌ಮನ್ ಊರಿನ ಆರ್ಕಮ್ ಹುಚ್ಚಾಸ್ಪತ್ರೆ ಹೆಸರು ಕೂಡ ಲವ್‌ಕ್ರಾಫ್ಟ್ ಕತೆಗಳಲ್ಲಿ ಕಟ್ಟಿದ ಆರ್ಕಮ್ ಊರಿಂದಾನೇ ಹೋಗಿದ್ದು. ನೆಕ್ರೊನೊಮಿಕಾನ್ ಅನ್ನೋದು ಅವನೇ ಕಲ್ಪಿಸ್ಕೊಂಡ ಗ್ರಂಥ, ಅದನ್ನ ನಿಜವಾದ ಮಾಟದ ಪುಸ್ತಕ ಅಂತ ನಂಗೇ ವಾದ ಮಾಡಿದೋರಿದಾರೆ. ಓದಿದೀಯೇನೋ ಅಂತ ಕೇಳಿದ್ರೆ 'ಲೋರ್ (ಹಿನ್ನೆಲೆ ಕತೆ) ಗೊತ್ತು ಮಗಾ, ವಿಡಿಯೋ ನೋಡಿದೀನಿ' ಅಂತಾರೆ. ಅವ್ರು ಈ ಕವರ್ ನೋಡಿ ಖುಷಿಯಾಗಿ ತಗೋತಾರೆ, ಮನೆಗೆ ಹೋಗಿ ತೆಗೀತಾರೆ, ಮೊದಲ್ನೇ ಕತೆ ಯಾವ್ದು? ಲವ್‌ಕ್ರಾಫ್ಟ್ ಹುಡುಗನಾಗಿದ್ದಾಗ ಬರೆದಿದ್ದು! ಬರೆದ ಕ್ರಮದಲ್ಲೇ ಜೋಡಿಸಿಬಿಟ್ಟಿದಾರೆ, 1905ರಿಂದ ಶುರು. ಗುಹೆಯಲ್ಲಿ ದಾರಿ ತಪ್ಪಿದವನ ಕತೆ, ಶಾಪದ ಕತೆ, ಆಮೇಲೆ ಕನಸಿನ ಲೋಕದ ಉದ್ದುದ್ದ ವರ್ಣನೆ. ಕಥುಲು ಬರೋ ಹೊತ್ತಿಗೆ ಅರ್ಧ ಜನ ಪುಸ್ತಕಾನ ಶೆಲ್ಫಿಗೆ ಸೇರ್ಸಿರ್ತಾರೆ. ಬಂದ್ಮೇಲೂ ಏನು, 'ದಿ ಕಾಲ್ ಆಫ್ ಕಥುಲು' ಅನ್ನೋ ಆ 1928ರ ಕತೇಲಿ ಕಥುಲು ಕಾಣಿಸ್ಕೊಳ್ಳೋದು ಕೊನೇಲಿ ಸ್ವಲ್ಪ ಹೊತ್ತು, ಮಿಕ್ಕಿದ್ದೆಲ್ಲಾ ಸತ್ತ ಪ್ರೊಫೆಸರ್ ಒಬ್ರ ಕಾಗದ ಪತ್ರ, ಪೇಪರ್ ಕಟಿಂಗು, ಪೊಲೀಸ್ ರಿಪೋರ್ಟು. ಫೈಟಿಂಗ್ ಕಾಯ್ತಿದ್ದೋರಿಗೆ ನಿರಾಸೆ ಗ್ಯಾರಂಟಿ.

ಅದಕ್ಕೇ ನನ್ ಸಲಹೆ, ನೇರ ಮಧ್ಯಕ್ಕೆ ಹೋಗಿ 'ದಿ ಕಲರ್ ಔಟ್ ಆಫ್ ಸ್ಪೇಸ್' ತೆಗೀರಿ. 1927ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಅನ್ನೋ ಮ್ಯಾಗಜೀನಲ್ಲಿ ಬಂದಿದ್ದು. ಆರ್ಕಮ್ ಊರಿನ ಪಶ್ಚಿಮಕ್ಕೆ ಹೊಸ ಜಲಾಶಯ ಬರ್ತಿರುತ್ತೆ, ಅದ್ರ ಸರ್ವೆಗೆ ಬಂದವನಿಗೆ ಮುಳುಗಡೆಯಾಗೋ ಜಾಗದ ಮಧ್ಯೆ ಹುಲ್ಲೂ ಬೆಳೀದೆ ಬೂದಿ ಬಿದ್ದಿರೋ ನೆಲ ಕಾಣುತ್ತೆ. ಏನಾಯ್ತು ಇಲ್ಲಿ ಅಂದ್ರೆ ಊರೋರು ಬಾಯಿ ಬಿಡಲ್ಲ, ಅಮ್ಮಿ ಪಿಯರ್ಸ್ ಅನ್ನೋ ಮುದುಕ ಒಬ್ಬನೇ ಹೇಳ್ತಾನೆ. ನೇಹಮ್ ಗಾರ್ಡ್ನರ್ ಅನ್ನೋ ರೈತನ ಬಾವಿ ಪಕ್ಕ ಆಕಾಶದಿಂದ ಕಲ್ಲು ಬಿತ್ತು, ಯೂನಿವರ್ಸಿಟಿಯೋರು ಬಂದು ಚೂರು ತಗೊಂಡೋಗಿ ಗಾಜಿನ ಬೀಕರಲ್ಲಿಟ್ರೆ ಬೆಳಗಾಗೋದ್ರೊಳಗೆ ಚೂರೂ ಇಲ್ಲ ಬೀಕರೂ ಇಲ್ಲ. ಆ ವರ್ಷ ತೋಟದಲ್ಲಿ ಸೇಬು, ಪೇರ್ ಹಣ್ಣು ಹಿಂದೆಂದೂ ಕಾಣದಷ್ಟು ದಪ್ಪ, ಮಿರಮಿರ ಮಿಂಚ್ತವೆ, ಕಚ್ಚಿದ್ರೆ ಕಹಿ, ಒಂದೂ ತಿನ್ನೋಕಾಗಲ್ಲ. ಅಷ್ಟೇ ಶುರು. ಆಮೇಲೆ ಗಾಳಿ ಇಲ್ದೆ ಮರದ ಕೊಂಬೆ ಅಲ್ಲಾಡೋದು, ದನ ಹಂದಿ ಎಲ್ಲಾ ಬೂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗೋದು, ಹೆಂಡತಿಗೆ ತಲೆ ಕೆಟ್ಟು ಅಟ್ಟದ ರೂಮಲ್ಲಿ ಕೂಡಿಹಾಕೋದು. ಬಾವಿ ನೀರು ಕೆಟ್ಟಿದೆ, ಬೇರೆ ತೋಡ್ಸು ಅಂತ ಅಮ್ಮಿ ಹೇಳ್ತಾನೆ, ನೇಹಮ್ ಕೇಳಲ್ಲ, ಅದೇ ನೀರು ಕುಡೀತಾರೆ.

ಮಂಡ್ಯ ಕಡೆ ಫ್ರೆಂಡ್ ಒಬ್ಬನಿಗೆ ಇದೊಂದೇ ಕತೆ ಓದೋ ಅಂತ ಪುಸ್ತಕ ಕೊಟ್ಟೆ. ಅವ್ರ ಅಜ್ಜಿ ಕಡೆಯೋರು ಕನ್ನಂಬಾಡಿ ಕಟ್ಟೆಗೆ ಹಳೇ ಊರು ಬಿಟ್ಟು ಬಂದೋರು. ಬೇಸಿಗೇಲಿ ಕೆಆರ್‌ಎಸ್ ನೀರು ಇಳಿದಾಗ ಹಳೇ ವೇಣುಗೋಪಾಲಸ್ವಾಮಿ ಗುಡಿ ಕಾಣೋದನ್ನ ನೋಡ್ಕೊಂಡು ಬೆಳೆದವನು ಅವನು, ಈಗ ಗುಡೀನ ಬಿಚ್ಚಿ ದಡಕ್ಕೆ ತಂದು ಕಟ್ಟಿದಾರೆ ಬಿಡಿ. ಕತೇಲಿ ಸರ್ವೆಯವನು 'ಆ ಜಲಾಶಯದ ನೀರನ್ನ ನಾನಂತೂ ಕುಡಿಯಲ್ಲ' ಅನ್ನೋ ಥರ ಹೇಳೋ ಜಾಗಕ್ಕೆ ಬಂದಾಗ ರಾತ್ರಿ ಹನ್ನೊಂದಕ್ಕೆ ನಂಗೆ ಫೋನ್ ಮಾಡಿ ಬೈದ, 'ಲೇ ನಾವು ಮೂರು ಹೊತ್ತೂ ಕಟ್ಟೆ ನೀರೇ ಕಣೋ ಕುಡಿಯೋದು' ಅಂತ. ಕಥುಲು ಟೀಶರ್ಟ್ ಹಾಕ್ಕೊಂಡು ತಿರುಗೋನು, ಲವ್‌ಕ್ರಾಫ್ಟ್ ಅಂದ್ರೆ ಇದು ಅಂತ ಅವತ್ತೇ ಗೊತ್ತಾಗಿದ್ದು ಅವನಿಗೆ.

ನಮ್ ದೆವ್ವದ ಕತೇಲಿ ಏನೇ ಭಯ ಇದ್ರೂ ಒಂದು ಲೆಕ್ಕ ಇರುತ್ತೆ. ಯಾರೋ ಯಾರಿಗೋ ಅನ್ಯಾಯ ಮಾಡಿರ್ತಾರೆ, ಅದಕ್ಕೆ ಮೆಟ್ಕೊಂಡಿರುತ್ತೆ, ಮಂತ್ರವಾದಿ ಬರ್ತಾನೆ, ತಾಯತ ಕಟ್ತಾನೆ, ಇಲ್ಲಾಂದ್ರೆ ಚಾಮುಂಡಿ ತಾಯಿ ಇದಾಳೆ. ಇಲ್ಲಿ ಗಾರ್ಡ್ನರ್ ಯಾರಿಗೂ ಏನೂ ಮಾಡಿಲ್ಲ. ಆಕಾಶದಿಂದ ಬಂದ ಆ ವಸ್ತುವಿಗೆ ಅವನ ಮೇಲೆ ದ್ವೇಷನೂ ಇಲ್ಲ, ಅವನು ಅಂತ ಒಬ್ಬ ಇದಾನೆ ಅನ್ನೋದೂ ಅದಕ್ಕೆ ಗೊತ್ತಿಲ್ವೇನೋ. ಪರಿಹಾರ ಕೇಳೋಕೆ ಯಾರ ಹತ್ರ ಹೋಗೋದು? ಇದನ್ನ ಯಾವ ವಿಡಿಯೋನೂ ಕೊಡಲ್ಲ, ಯಾಕಂದ್ರೆ ಅಲ್ಲಿ ಎಲ್ಲಾ ದೇವತೆಗಳ ವಂಶವೃಕ್ಷ, ಯಾರು ಯಾರಿಗಿಂತ ಸ್ಟ್ರಾಂಗು. ಹಂಗೆ ಒಪ್ಪವಾಗಿ ಜೋಡ್ಸೋ ಕೆಲಸಕ್ಕೆ ಕೈ ಹಾಕಿದ್ದು ಮುಖ್ಯವಾಗಿ ಅವನ ಪತ್ರಗೆಳೆಯ, ಲೇಖಕ ಆಗಸ್ಟ್ ಡರ್ಲೆತ್, ಲವ್‌ಕ್ರಾಫ್ಟ್ ಸತ್ಮೇಲೆ. ಆದ್ರೂ ಅವನನ್ನ ಬೈಯೋಕೆ ಮನಸು ಬರಲ್ಲ, 1939ರಲ್ಲಿ ಡರ್ಲೆತ್, ಇನ್ನೊಬ್ಬ ಲೇಖಕ ಡೊನಾಲ್ಡ್ ವಾಂಡ್ರೀ ಇಬ್ರೂ ಸೇರ್ಕೊಂಡು ಆರ್ಕಮ್ ಹೌಸ್ ಅಂತ ಪ್ರಕಾಶನ ಮಾಡಿ ಪುಸ್ತಕ ತರದೇ ಇದ್ದಿದ್ರೆ ಇವತ್ತು ಟೀಶರ್ಟೂ ಇರ್ತಿರ್ಲಿಲ್ಲ.

ಇನ್ನೊಂದು, ಇದನ್ನ ಮುಚ್ಚಿಡಬಾರದು. ಈ ಲವ್‌ಕ್ರಾಫ್ಟ್ ಕಡು ಜನಾಂಗದ್ವೇಷಿ. 'ದಿ ಹಾರರ್ ಅಟ್ ರೆಡ್ ಹುಕ್' ಓದಿ, ನ್ಯೂಯಾರ್ಕಿಗೆ ವಲಸೆ ಬಂದ ಜನರನ್ನ ಹೆಂಗೆ ಬರ್ದಿದಾನೆ ಅಂತ, ನಮ್ಮಂಥ ಕಂದು ಮೈಯೋರನ್ನ ಕಂಡ್ರೂ ಅವನಿಗೆ ಅಷ್ಟೇ ಅಸಹ್ಯ ಆಗ್ತಿತ್ತು ಅನ್ನೋದ್ರಲ್ಲಿ ಡೌಟಿಲ್ಲ. ವರ್ಲ್ಡ್ ಫ್ಯಾಂಟಸಿ ಅವಾರ್ಡಿಗೆ ಅವನ ಮುಖದ ಪ್ರತಿಮೆ ಕೊಡ್ತಿದ್ರು, ಲೇಖಕರೇ ಗಲಾಟೆ ಮಾಡಿದ್ಮೇಲೆ 2015ರಲ್ಲಿ ನಿಲ್ಸಿದ್ರು. ಇದರ ಬಗ್ಗೆ ಈ ಎಡಿಷನಲ್ಲಿ ಒಂದು ಸಾಲೂ ಇಲ್ಲ, ಮುನ್ನುಡಿನೇ ಇಲ್ಲ ಇನ್ನೆಲ್ಲಿ. ಮೊದಲ ಸಲ ಓದೋರಿಗೆ ಎರಡು ಪುಟದ ಮುನ್ನುಡಿ ಹಾಕೋಕೆ ಏನ್ ರೋಗ?

ಐದಕ್ಕೆ ಮೂರು ಕೊಡ್ತೀನಿ, ಮೂರೂ ಲವ್‌ಕ್ರಾಫ್ಟಿಗೆ, ಪಬ್ಲಿಷರಿಗೆ ಸೊನ್ನೆ. ತಗೊಳ್ಳೋರು 'ಕಲರ್' ಆದ್ಮೇಲೆ ಇನ್ಸ್‌ಮತ್, ಆಮೇಲೆ ಅಂಟಾರ್ಕ್ಟಿಕಾದ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್' ಓದಿ, ಅದು ಉದ್ದ ಇದೆ, ತಾಳ್ಮೆ ಬೇಕು, ಕಥುಲು ಆಮೇಲೆ ನೋಡ್ಕೊಳ್ಳಿ. ಅಂಗಡೀಲೇ ಮಧ್ಯದ ಪುಟಗಳನ್ನ ತಿರುವಿ ನೋಡಿ ತಗೊಳ್ಳಿ, ನನ್ ಕಾಪಿಯಲ್ಲಿ 'ಡನ್‌ವಿಚ್ ಹಾರರ್' ಕೊನೆ ಹಾಳೆಗಳು ಆಗಲೇ ಕಿತ್ತು ಕೈಗೆ ಬಂದಿವೆ, ವಾಪಸ್ ಮಾಡೋಕೆ ಹೋದ್ರೆ ಬಿಲ್ ಎಲ್ಲಿ ಸಾರ್ ಅಂದ್ರು, ಬಿಲ್ ಕೊಟ್ಟೇ ಇರ್ಲಿಲ್ಲ.