ರಾಗಿ ಬೆಂಕಿರೋಗದ ಫಂಗಸ್ಸಿಗೆ ಈ ಡಿಎನ್ಎ ಕಿಟ್ ತಗೋಬಹುದಾ? ಅರ್ಧ ಹೌದು

ಕಂಪನಿ ಹೆಸರು ಹಾಕಲ್ಲ, ಅವರ ಸೇಲ್ಸ್‌ನವರು ನಮ್ಮ ಲ್ಯಾಬಿಗೆ ಇನ್ನೂ ಬರ್ತಾರೆ. 50 ಸ್ಯಾಂಪಲ್‌ದು ಸ್ಪಿನ್ ಕಾಲಂ ಕಿಟ್ ಇದು, ಅಂದ್ರೆ ಡಿಎನ್ಎ ಹಿಡ್ಕೊಳ್ಳೋ ಪುಟ್ಟ ಫಿಲ್ಟರ್ ಟ್ಯೂಬನ್ನ ಗಿರಗಿರ ತಿರುಗಿಸಿ ಫಂಗಸ್ಸಿಂದ ಡಿಎನ್ಎ ತೆಗೆಯೋದು. ನಮ್ಮ ಕೆಲಸ ಏನಪ್ಪಾ ಅಂದ್ರೆ ಮಂಡ್ಯ ಕಡೆ ಹೊಲಗಳಿಂದ ರಾಗಿ ಎಲೆ, ಕುತ್ತಿಗೆ, ತೆನೆ ಮೂರರಿಂದಲೂ ಪೈರಿಕ್ಯುಲೇರಿಯಾ (ಈ ಬೆಂಕಿರೋಗ ತರೋ ಫಂಗಸ್ಸು) ತೆಗೆದು, ಒಂದೊಂದೇ ಬೀಜಕಣದಿಂದ ಬೆಳೆಸಿ, ಎಲೆ ಸುಡೋದೂ ಕುತ್ತಿಗೆ ಮುರಿಯೋದೂ ಒಂದೇ ಗುಂಪಾ ಬೇರೆಬೇರೆನಾ ಅಂತ ಡಿಎನ್ಎ ಮಾರ್ಕರ್ (ಗುರುತಿನ ತುಂಡು) ಹಾಕಿ ನೋಡೋದು. ಮೈಕ್ರೋಸ್ಕೋಪಲ್ಲಿ ಇದು ಗೊತ್ತಾಗಲ್ಲ, ಭತ್ತದ್ದೂ ರಾಗೀದೂ ಬೀಜಕಣ ಪಕ್ಕಪಕ್ಕ ಇಟ್ರೂ ಅದೇ ಮರಸೇಬಿನ ಆಕಾರ, ಅದೇ ಮೂರು ಕೋಣೆ. ಡಿಎನ್ಎ ನೋಡಿದ್ರೆ ಮಾತ್ರ ಎರಡೂ ಬೇರೆ ವಂಶ.

ಮೊದಲ ದಿನಾನೇ ಕೈಕೊಡ್ತು. ಎರಡು ವಾರದ ಪ್ಲೇಟಿಂದ ಕಪ್ಪಗಾಗಿದ್ದ ಮೈಸೀಲಿಯಂ (ಫಂಗಸ್ಸಿನ ನೂಲು) ಕೆರೆದು ಹಾಕಿದ್ದೆ, ಕಾಲಂ ಕಟ್ಕೊಳ್ತು, ಕೊನೆಗೆ ಇಳಿದಿದ್ದು ಟೀ ಡಿಕಾಕ್ಷನ್ ಬಣ್ಣದ ನೀರು, ಪಿಸಿಆರ್ (ಡಿಎನ್ಎ ತುಂಡನ್ನ ನಕಲು ಮಾಡಿ ಹೆಚ್ಚಿಸೋದು) ಮಾಡಿದ್ರೆ ಜೆಲ್ಲಲ್ಲಿ ಅಳತೆಗೆ ಹಾಕೋ ಲ್ಯಾಡರ್ ಒಂದೇ ಹೊಳೀತಿತ್ತು. ಅರ್ಧ ತಪ್ಪು ನಂದೇ ಬಿಡಿ. ಈ ಫಂಗಸ್ಸಿಗೆ ವಯಸ್ಸಾದಂಗೆ ಮೆಲನಿನ್ ಅನ್ನೋ ಕಪ್ಪು ಬಣ್ಣ ತುಂಬ್ಕೊಳುತ್ತೆ, ಅದು ಡಿಎನ್ಎ ಜೊತೆ ಬಂದ್ರೆ ನಕಲು ಮಾಡೋ ಪಾಲಿಮರೇಸ್ ಕೈಕಟ್ಟಿ ಕೂರುತ್ತೆ. ಆದ್ರೆ ಮ್ಯಾನ್ಯುವಲಲ್ಲಿ ‘ಎಲ್ಲಾ ಫಂಗಸ್‌ಗೂ ಆಗುತ್ತೆ’ ಅಂತ ದಪ್ಪಕ್ಷರದಲ್ಲಿ ಹಾಕೋರು ಇದನ್ನೂ ಒಂದು ಸಾಲು ಹಾಕ್ಬೋದಿತ್ತಲ್ವಾ?

ಆಮೇಲೆ ಬ್ರಾತಲ್ಲಿ (ದ್ರವ ಆಹಾರದಲ್ಲಿ) ಐದಾರು ದಿನ ಬೆಳೆಸಿ, ಇನ್ನೂ ಬೆಳ್ಳಗಿರೋವಾಗ್ಲೇ ಲಿಕ್ವಿಡ್ ನೈಟ್ರೋಜನ್ ಹಾಕಿ ನುಣ್ಣಗೆ ಅರೆದೆ. ಸೂಪರ್. ಒಂದು ಮಧ್ಯಾಹ್ನಕ್ಕೆ 12 ಸ್ಯಾಂಪಲ್ ಮುಗೀತು, ಎಸ್ಎಸ್ಆರ್ ಮಾರ್ಕರ್ (ಪದೇಪದೇ ಬರೋ ಚಿಕ್ಕ ಡಿಎನ್ಎ ಸಾಲು) ಎಲ್ಲಾ ನೀಟಾಗಿ ಬಂತು, ಕ್ಲೋರೋಫಾರಂ ವಾಸನೇನೂ ಇಲ್ಲ.

ಪಾಟ್-2 ಅನ್ನೋ ಇನ್ನೊಂದು ಮಾರ್ಕರಿಗೆ ಮಾತ್ರ ಈ ಕಿಟ್ಟನ್ನ ನಂಬ್ಬೇಡಿ. ಅದು ಈ ಫಂಗಸ್ ಜೀನೋಮ್ ತುಂಬಾ ಅಲ್ಲಲ್ಲಿ ಕೂತಿರೋ, ಜಾಗ ಬದಲಾಯಿಸೋ ಡಿಎನ್ಎ ತುಂಡು, ಅಂದ್ರೆ ಟ್ರಾನ್ಸ್‌ಪೋಸಾನು, ಒಂದು ಪಾಟ್-2ಯಿಂದ ಇನ್ನೊಂದರ ತನಕ ಇರೋ ಜಾಗಾನ ಪಿಸಿಆರ್ ಎತ್ತಬೇಕು, ಆ ಜಾಗ ಕೆಲವು ಸಲ ತುಂಬಾ ಉದ್ದ. ಕಾಲಮ್ಮಲ್ಲಿ ಗಿರಗಿರ ತಿರುಗಿ ಬಂದ ಡಿಎನ್ಎ ತುಂಡಾಗಿರುತ್ತೆ, ಎಸ್ಎಸ್ಆರ್‌ಗೆ ಬೇಕಾಗಿರೋದು ಚಿಕ್ಕ ತುಂಡಾದ್ರಿಂದ ಅಲ್ಲಿ ನಡೆಯುತ್ತೆ, ಇಲ್ಲಿ ಮೇಲಿನ ಬ್ಯಾಂಡುಗಳೇ ಮಾಯ. ಒಂದೇ ಐಸೊಲೇಟು (ಒಂದೇ ಬೀಜಕಣದಿಂದ ಬೆಳೆಸಿದ್ದು) ಕಿಟ್ಟಲ್ಲಿ ಒಂಥರ, ಸಿಟ್ಯಾಬಲ್ಲಿ (ಕ್ಲೋರೋಫಾರಂ ಹಾಕಿ ಡಿಎನ್ಎ ತೆಗೆಯೋ ಹಳೇ ವಿಧಾನ) ಒಂಥರ ಕಾಣಿಸ್ತು, ಇನ್ನೇನು ಎರಡು ಬೇರೆ ಗುಂಪು ಅಂತ ಬರ್ಕೊಳೋದ್ರಲ್ಲಿದ್ದೆ.

ಐದಕ್ಕೆ ಮೂರು ಸ್ಟಾರ್. ಉಳಿದಿರೋ 11 ಕಾಲಂ ಎಸ್ಎಸ್ಆರ್‌ಗೆ ಇಟ್ಟಿದೀನಿ, ಪಾಟ್-2ಗೆ ನಾಳೆಯಿಂದ ಮತ್ತೆ ಸಿಟ್ಯಾಬು, ಫ್ಯೂಮ್ ಹುಡ್ಡು, ತಲೆನೋವು.